"ಒಂದು ಲೆಟರ್ ಬರ್ಕೊಡ್ರಿ ಮೇಡಂ"

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞೆ. ಕ್ಲಿನಿಕ್ ಶುರು ಮಾಡಿ ಎರಡು ವರ್ಷ. ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ತಾಯಿ ಕರೆತರುತ್ತಾರೆ. ಗಂಡ ಹೆಂಡತಿ ಬೇರೆಯಾಗಿ ಕೇಸು ನಡೆಯುತ್ತಿದೆ. ತಿಂಗಳಿಗೆ ಎರಡು ಭಾನುವಾರ ಮಗು ಅಪ್ಪನ ಹತ್ತಿರ ಹೋಗಬೇಕು ಎಂದು ಕೋರ್ಟ್ ಹೇಳಿದೆ. ಶನಿವಾರ ರಾತ್ರಿಯೇ ಅವಳಿಗೆ ಹೊಟ್ಟೆನೋವು, ಅಳು. ಏಳು ಸಲ ನೋಡಿದ್ದೇನೆ, ಈಗೀಗ ಮಾತಾಡುತ್ತಿದ್ದಾಳೆ. ಹೋದ ವಾರ ತಾಯಿ, "ಅಪ್ಪನ ಹತ್ರ ಕಳಿಸಬಾರದು ಅಂತ ಒಂದು ಲೆಟರ್ ಬರ್ಕೊಡ್ರಿ ಮೇಡಂ, ವಕೀಲರು ಕೇಳ್ತಿದ್ದಾರೆ" ಎಂದರು. ಕೊಡದಿದ್ದರೆ ಬೇರೆ ಕಡೆ ಹೋಗುತ್ತಾರಂತೆ. ಈ ನಡುವೆ ತಂದೆ ಫೋನ್ ಮಾಡಿ, ತನ್ನನ್ನು ಕೇಳದೆ ಮಗಳಿಗೆ ಎಂಥ ಟ್ರೀಟ್‌ಮೆಂಟ್ ಎಂದು ಕೂಗಾಡಿದರು. ನನಗೆ ತಾಯಿ ಹೇಳುವುದೇ ನಿಜ ಅನಿಸುತ್ತದೆ. ಏನು ಮಾಡಲಿ?
- ಹೆಸರು ಬೇಡ

ಉತ್ತರ: ಆ ಲೆಟರ್ ಬರೆಯಬೇಡಿ.

ನಾನೂ ಒಮ್ಮೆ, ಒಬ್ಬ ಹುಡುಗನ ವಿಷಯದಲ್ಲಿ, ಇಂಥದ್ದೇ ಲೆಟರ್ ಬರೆದುಕೊಟ್ಟಿದ್ದೆ. ಆಗ ನನಗೂ ನಿಮ್ಮಷ್ಟೇ ಅನುಭವ. ಆರೇ ಸಾಲು. ಕೆಲವು ತಿಂಗಳ ಮೇಲೆ ಸಮನ್ಸ್ ಬಂತು. ಪಾಟೀಸವಾಲಿನಲ್ಲಿ ಎದುರು ಕಡೆಯ ವಕೀಲರು ಮರ್ಯಾದೆಯಿಂದಲೇ ಕೇಳಿದರು: "ತಂದೆಯನ್ನು ನೋಡಿದ್ದೀರಾ ಮೇಡಂ?" ಇಲ್ಲ. "ತಂದೆ, ಮಗ ಒಟ್ಟಿಗೆ ಇದ್ದದ್ದನ್ನು?" ಇಲ್ಲ. "ಮತ್ತೆ ತಂದೆಯಿಂದಲೇ ತೊಂದರೆ ಅಂತ ಹೇಗೆ ಗೊತ್ತಾಯಿತು?" ತಾಯಿ ಹೇಳಿದ್ದರು ಎನ್ನುವುದು ಬಿಟ್ಟರೆ ನನ್ನಲ್ಲಿ ಉತ್ತರ ಇರಲಿಲ್ಲ. ನನ್ನ ಮಾನ ಹೋದದ್ದು ಹಾಗಿರಲಿ. ಪತ್ರದ ವಿಷಯ ಆ ಹುಡುಗನ ಕಿವಿಗೂ ಬಿತ್ತು. ಮುಂದಿನ ಸಲ ಬಂದವನು ಮುಕ್ಕಾಲು ಗಂಟೆ ಸುಮ್ನೆ ಕೂತಿದ್ದ. ಆಮೇಲೆ ಬರಲೇ ಇಲ್ಲ.

ಚಿಕಿತ್ಸೆ ಕೊಡುವವರು ಬೇರೆ, ಮಗುವಿನ ಸುಪರ್ದಿ (ಕಸ್ಟಡಿ) ಯಾರಿಗೆ ಎಂದು ಕೋರ್ಟಿಗೆ ಅಭಿಪ್ರಾಯ ಕೊಡುವವರು ಬೇರೆ. ಎರಡನ್ನೂ ಒಬ್ಬರೇ ಮಾಡಬೇಡಿ ಎಂಬ ಎಚ್ಚರಿಕೆ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಮಾರ್ಗಸೂಚಿಯಲ್ಲೂ ಇದೆ. ನಮ್ಮಲ್ಲಿ 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕೋರ್ಟೇ ತಜ್ಞರ ನೆರವು ಪಡೆಯಬಹುದು. ಹಾಗೆ ಬಂದವರು ಅಪ್ಪನನ್ನೂ ನೋಡುತ್ತಾರೆ, ಅಮ್ಮನನ್ನೂ ನೋಡುತ್ತಾರೆ, ಬೇಕಾದರೆ ಟೀಚರ್ ಹತ್ತಿರವೂ ಮಾತಾಡುತ್ತಾರೆ. ತಾಯಿಯ ವಕೀಲರು ಅದಕ್ಕೆ ಅರ್ಜಿ ಹಾಕಲಿ. ತಜ್ಞರ ವರದಿಗೆ ಕೋರ್ಟಿನಲ್ಲಿ ತೂಕ ಇದೆ. ಕೇರಳದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹುಡುಗನ ಸುಪರ್ದಿ ತಂದೆಗೆ ಎಂದಿತ್ತು. ಅವನ ಮನಸ್ಸು ಕುಸಿಯುತ್ತಿದೆ ಎಂದು ವೆಲ್ಲೂರಿನ ಆಸ್ಪತ್ರೆಯ ವರದಿಗಳು ಹೇಳಿದ ಮೇಲೆ, 2025ರಲ್ಲಿ ತನ್ನದೇ ಆದೇಶ ಬದಲಿಸಿ ತಾಯಿಗೆ ಕೊಟ್ಟಿತು.

ಈಗ ಹೊಟ್ಟೆನೋವಿಗೆ ಬರೋಣ. ನಿಮ್ಮ ಕೆಲಸ ಇರುವುದು ಅಲ್ಲೇ. ಅಪ್ಪನ ಭಯಕ್ಕೂ ಬರಬಹುದು. ಗೇಟಿನ ಹತ್ತಿರ ಇಬ್ಬರೂ ಕಿತ್ತಾಡುವ ಆ ಐದು ನಿಮಿಷ ನೆನೆದೂ ಬರಬಹುದು. ಖುಷಿಯಾಗಿ ಹೋದರೆ ಅಮ್ಮನಿಗೆ ಬೇಜಾರಾಗುತ್ತದೆ ಎಂದೂ ಬರಬಹುದು. ವಾಪಸ್ ಬಂದಾಗ "ಅಲ್ಲಿ ಏನಾಯ್ತು, ಅಜ್ಜಿ ಏನಂದ್ಲು" ಎಂಬ ವಿಚಾರಣೆ ಇರುತ್ತದಲ್ಲ, ಅದು ನೆನಪಾದರೂ ಸಾಕು. ನೋವು ಎಷ್ಟು ಹೊತ್ತು ಇರುತ್ತದೆ? ಅಪ್ಪನ ಮನೆ ತಲುಪಿದ ಮೇಲೂ ಇರುತ್ತದಾ? ಮಗುವನ್ನು ಯಾರು ಬಿಡುತ್ತಾರೆ, ಎಲ್ಲಿ? ಗೇಟಿನ ಜಗಳವೇ ಕಾರಣವಾದರೆ, ಅಜ್ಜನೋ ಅತ್ತೆಯೋ ಕರೆದುಕೊಂಡು ಹೋಗುವ ವ್ಯವಸ್ಥೆ ಮಾಡಿದರೆ ಅರ್ಧ ನೋವು ಇಳಿಯುತ್ತದೆ. ನಾನು ಕಂಡಿದ್ದೇನೆ.

ಹಾಗಂತ ತಾಯಿ ಹೇಳುವುದು ಸುಳ್ಳು ಎಂದಲ್ಲ. ಏಳು ಸಲವೂ ನಿಮ್ಮೆದುರು ಕೂತದ್ದು ಅವರೇ, ಅವರ ಮಾತು ನಿಜ ಅನಿಸದೆ ಇರುತ್ತದಾ? ತಂದೆಯ ವಕೀಲರು ನಾಳೆ "ತಾಯಿ ತಲೆ ಕೆಡಿಸಿದ್ದಾಳೆ, ಇದು ಪೇರೆಂಟಲ್ ಏಲಿಯನೇಷನ್" ಎನ್ನುತ್ತಾರೆ. ಒಬ್ಬರು ಮಗುವನ್ನು ಇನ್ನೊಬ್ಬರ ಮೇಲೆ ಎತ್ತಿಕಟ್ಟುವುದಕ್ಕೆ ಆ ಹೆಸರು. ಆ ಮಾತಿಗೂ ಬೀಳಬೇಡಿ. ಆ ಹಣೆಪಟ್ಟಿಯನ್ನು ಸುಲಭವಾಗಿ ಅಂಟಿಸಬಾರದು, ಯಾರು ಯಾವಾಗ ಏನು ಮಾಡಿದರು ಎಂದು ಬಿಡಿಬಿಡಿಯಾಗಿ ನೋಡಬೇಕು ಎಂದು 2024ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಒಂದು ವಿಷಯದಲ್ಲಿ ಮಾತ್ರ ಕಾಯುವ ಹಾಗಿಲ್ಲ. ಮಗು ಲೈಂಗಿಕ ಕಿರುಕುಳದ ಸುಳಿವು ಕೊಟ್ಟರೆ ಪೋಕ್ಸೊ ಕಾಯ್ದೆ ಪ್ರಕಾರ ನೀವು ಪೊಲೀಸರಿಗೆ ತಿಳಿಸಲೇಬೇಕು. ಹೊಡೆತ ಬಡಿತ ಆಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇನ್ನು ತಂದೆ. ನಿಮಗೆ ಕೋಪ ಬರಬಹುದು, ಆದರೆ ಇಲ್ಲಿ ತಪ್ಪು ನಿಮ್ಮದೂ ಇದೆ. ಅವರ ಮಗಳನ್ನು ಏಳು ಸಲ ನೋಡಿದ್ದೀರಿ, ಅವರಿಗೆ ಒಂದು ಮಾತು ತಿಳಿಸಿಲ್ಲ. ಕೋರ್ಟ್ ಆದೇಶದ ಪ್ರತಿ ತರಿಸಿ ಓದಿ. ತಂದೆಯನ್ನು ದೂರ ಇಡಿ ಎಂದು ಅದರಲ್ಲಿ ಇಲ್ಲದಿದ್ದರೆ ಅವರನ್ನೂ ಕರೆಯಿರಿ. ಬೇರೆ ದಿನ, ಬೇರೆ ಸಮಯಕ್ಕೆ. ಕರೆಯುವ ಮೊದಲು ತಾಯಿಗೆ ತಿಳಿಸಿ. ಕೂಗಾಡುವ ಅಪ್ಪಂದಿರಲ್ಲಿ ಎಷ್ಟೋ ಜನ ಕುರ್ಚಿ ಕೊಟ್ಟು ಕೂರಿಸಿದರೆ ಅಳುತ್ತಾರೆ. ಎಲ್ಲರೂ ಅಲ್ಲ, ಅದಕ್ಕೇ ಕ್ಲಿನಿಕ್‌ನಲ್ಲಿ ಇನ್ನೊಬ್ಬರು ಇರುವಾಗ ಕರೆಯಿರಿ.

ಕೋರ್ಟೇ ವಿವರ ಕೇಳಿದರೆ ಕೊಡಬೇಕಾಗುತ್ತದೆ. ಆಗ ಕಂಡದ್ದಷ್ಟೇ ಬರೆಯಿರಿ: ಎಷ್ಟು ಸಲ ಬಂದಳು, ಯಾರು ಕರೆತಂದರು, ಏನು ತೊಂದರೆ, ಏನು ಸುಧಾರಣೆ. ಆವತ್ತಿನವರೆಗೂ ತಂದೆಯನ್ನು ನೋಡಿರದಿದ್ದರೆ ಅದನ್ನೂ ಬರೆಯಿರಿ. ನೋಡಿದ್ದರೂ ಸುಪರ್ದಿಯ ಬಗ್ಗೆ ಅಭಿಪ್ರಾಯ ಬೇಡ.

ಮುಂದಿನ ಸಲ ಆ ಹುಡುಗಿ ಬಂದಾಗ ಹೇಳಿ: "ನೀನು ಯಾರ ಮನೇಲಿ ಇರಬೇಕು ಅಂತ ನಾನು ಹೇಳಲ್ಲ ಪುಟ್ಟಾ, ಅದು ಜಡ್ಜ್ ಕೆಲಸ. ನೀನೂ ಹೇಳಬೇಕಾಗಿಲ್ಲ ಇಲ್ಲಿ." ಎಲ್ಲವನ್ನೂ ಗುಟ್ಟಾಗಿಡುತ್ತೇನೆ ಎಂದು ಮಾತ್ರ ಮಾತು ಕೊಡಬೇಡಿ. ಕೊಟ್ಟರೆ ಮುರಿಯಬೇಕಾಗಬಹುದು, ಅಲ್ವಾ?

ತಾಯಿ ನಿಜವಾಗಿಯೂ ಬೇರೆ ಕಡೆ ಕರೆದುಕೊಂಡು ಹೋದರೆ ತಡೆಯಲು ಆಗುವುದಿಲ್ಲ. ಜಗಳ ಬೇಡ. ಒಂದೇ ಒಂದು ಸಲ ಕರೆತನ್ನಿ, ಮಗುವಿಗೆ ಟಾಟಾ ಹೇಳಬೇಕು ಎಂದು ಕೇಳಿಕೊಳ್ಳಿ. ಅಷ್ಟಕ್ಕೆ ಹೆಚ್ಚಿನ ತಾಯಂದಿರು ಒಪ್ಪುತ್ತಾರೆ.