ಗ್ಯಾರೇಜ್ ಪ್ರಶ್ನೋತ್ತರ: ಗುದ್ದಿಸಿಕೊಂಡ ಮಿಯಾಟಾ ಬಿಚ್ಚುವ ಮುಂಚೆ

ಪ್ರಶ್ನೆ: ನನ್ನ 1991ರ ಮಾಜ್ದಾ ಮಿಯಾಟಾ ಕಾರಿಗೆ ಹಿಂದಿನಿಂದ ಟ್ರಕ್ ಗುದ್ದಿ ಡಿಕ್ಕಿಯ ಕಡೆ ಪೂರ್ತಿ ಮುದುಡಿದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ. ಗುಜರಿಗೆ ಹಾಕದೆ ಬಿಡಿಭಾಗ ಮಾರಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಎಂಜಿನ್ ಕಾರಿನಲ್ಲಿರುವಾಗಲೇ ಅದರ ಆರೋಗ್ಯಕ್ಕೆ ಸಾಕ್ಷಿ ಮಾಡಿಕೊಳ್ಳಿ. ಕೆಳಗಿಳಿಸಿದ ಮೇಲೆ ‘ಚೆನ್ನಾಗಿ ಓಡುತ್ತಿತ್ತು’ ಎಂದರೆ ಯಾರೂ ನಂಬುವುದಿಲ್ಲ. ಈ ಕಾರಿನ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ, ಪೆಟ್ರೋಲ್ ಟ್ಯಾಂಕ್ ಸೀಟುಗಳ ಹಿಂದೆ. ಎರಡೂ ಸೋರುತ್ತಿಲ್ಲವೆಂದು ಖಚಿತವಾಗದೆ ಕೀ ತಿರುಗಿಸಬೇಡಿ.

ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಬಿಡಿಸಿ, ಆಕ್ಸಲರೇಟರ್ ಪೂರ್ತಿ ಒತ್ತಿ, ಒಂದೊಂದು ಸಿಲಿಂಡರಿಗೂ ಸ್ಟಾರ್ಟರಿನಿಂದ ಐದಾರು ಸುತ್ತು ತಿರುಗಿಸಿ, ಗೇಜಿನಲ್ಲಿ ಕಂಪ್ರೆಷನ್ (ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆಂಬ ಅಂಕಿ) ನೋಡಿ ಬರೆದಿಡಿ. ಥ್ರಾಟಲ್ ಮುಚ್ಚಿದ್ದರೆ ಗಾಳಿ ಸಾಲದೆ ಗಟ್ಟಿ ಎಂಜಿನ್ನೂ ಸೋತಂತೆ ತೋರಿಸುತ್ತದೆ. ನಾಲ್ಕು ಅಂಕಿಗಳೂ ಹತ್ತಿರ ಹತ್ತಿರ ಇರಬೇಕು. ಒಂದು ಕೆಳಗಿದ್ದರೆ ಅದನ್ನೂ ಜಾಹೀರಾತಿನಲ್ಲಿ ಬರೆಯಿರಿ.

1991ರ ಮಾಡೆಲ್ ಎಂದ ಮೇಲೆ ಎಂಜಿನ್ನಿನ ಮುಂತುದಿಯಲ್ಲಿ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿ ನೋಡಲೇಬೇಕು. ನಡುವಿನ ಬೋಲ್ಟಿನ ಸುತ್ತ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿಯ ಕ್ರ್ಯಾಂಕ್ (ಪುಲ್ಲಿ ಕೂರುವ ಎಂಜಿನ್ನಿನ ಮುಖ್ಯ ದಂಡ), ಎಂಟಿದ್ದರೆ ಉದ್ದ ಮೂತಿಯದು. ಗಿಡ್ಡ ಮೂತಿಯದರಲ್ಲಿ ಪುಲ್ಲಿ ಜಾರದಂತೆ ಹಿಡಿಯುವ ಲೋಹದ ತುಂಡು (ಇದಕ್ಕೂ ‘ಕೀ’ ಎನ್ನುತ್ತಾರೆ) ಕೂರುವ ಕಚ್ಚು ಸವೆದು ಟೈಮಿಂಗ್ ತಪ್ಪುವ ರೋಗವಿದೆ. ಐಡಲ್‌ನಲ್ಲಿ ಪುಲ್ಲಿ ಓಲಾಡುತ್ತಿದ್ದರೆ ಎಂಜಿನ್ ಇಡಿಯಾಗಿ ಮಾರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ. ಹೆಡ್, ಸ್ಟಾರ್ಟರ್, ಆಲ್ಟರ್ನೇಟರ್ ಬಿಡಿಬಿಡಿಯಾಗಿ ಕೊಡಿ.

ಗೇರ್‌ಬಾಕ್ಸ್‌ನಿಂದ ಹಿಂಚಕ್ರಗಳ ನಡುವಿನ ಡಿಫರೆನ್ಷಿಯಲ್‌ವರೆಗೆ ಉದ್ದಕ್ಕೂ ಒಂದು ಅಲ್ಯೂಮಿನಿಯಂ ತೊಲೆ ಇದೆ. ಹಿಂದಿನ ಪೆಟ್ಟು ಅದರ ಮೂಲಕವೇ ಗೇರ್‌ಬಾಕ್ಸಿಗೆ ತಲುಪುತ್ತದೆ. ಬೋಲ್ಟ್ ಕೂರುವ ಜಾಗಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬಿಡದೆ ಟಾರ್ಚ್ ಹಾಕಿ ನೋಡಿ.

ಹಾರ್ಡ್‌ಟಾಪ್ (ಕಳಚಿಡಬಹುದಾದ ಗಟ್ಟಿ ಛಾವಣಿ) ಇದ್ದು ಉಳಿದಿದ್ದರೆ ಅವಸರ ಬೇಡ. 2005ರವರೆಗಿನ ಮಿಯಾಟಾಗಳಿಗೂ ಅದು ಕೂರುತ್ತದೆ, ಗಿರಾಕಿ ಬಂದೇ ಬರುತ್ತಾರೆ. ಎಂಜಿನ್ನಿಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಮೀಟರ್ ಹಾಗಲ್ಲ, 1993ರವರೆಗಿನ 1.6 ಲೀಟರ್ ಎಂಜಿನ್ನಿಗೆ ಮಾತ್ರ. ವರ್ಷ ನಮೂದಿಸದಿದ್ದರೆ ವಾಪಸ್ ಬರುತ್ತದೆ. ವೈರ್ ಕತ್ತರಿಸಬೇಡಿ, ಕನೆಕ್ಟರ್ ಬಿಡಿಸಿ, ಟೇಪ್ ಸುತ್ತಿ ಹೆಸರು ಬರೆಯಿರಿ.

ಎಸಿಗೆ ಕಾರ್ಖಾನೆಯಲ್ಲಿ ತುಂಬಿದ್ದು ಹಳೆಯ ಆರ್-12 ಗ್ಯಾಸ್. ಗಾಳಿಗೆ ಬಿಡುವುದು ಅಪರಾಧ, ಸರ್ಟಿಫಿಕೇಟ್ ಇರುವ ಮೆಕ್ಯಾನಿಕ್‌ನಿಂದ ಹೊರತೆಗೆಸಿ. ನಿಮ್ಮ ರಾಜ್ಯದಲ್ಲಿ ಬಳಸಿದ ಕ್ಯಾಟಲಿಟಿಕ್ ಕನ್ವರ್ಟರನ್ನು (ಹೊಗೆ ಶುದ್ಧಮಾಡುವ ಭಾಗ) ಬೇರೆ ಕಾರಿಗೆ ಹಾಕಲು ಮಾರುವಂತಿಲ್ಲ. ಚಕ್ರಗಳನ್ನು ಕೊನೆಗೆ ಬಿಚ್ಚಿ, ಇಲ್ಲದಿದ್ದರೆ ಖಾಲಿ ಬಾಡಿಯನ್ನು ಅಂಗಳದಿಂದ ಸಾಗಿಸುವುದೇ ದೊಡ್ಡ ಕೆಲಸವಾಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಹೀಗೆ ಬಿಚ್ಚಿ ಮಾರಿದರೆ ಆರ್‌ಸಿ ಏನು ಮಾಡಬೇಕು?

ಉತ್ತರ: ಓಡಿಸಲಾಗದಂತೆ ಹಾಳಾದ ವಾಹನದ ವಿಷಯವನ್ನು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ, ಆರ್‌ಸಿ ಒಪ್ಪಿಸಿ ರದ್ದು ಮಾಡಿಸಬೇಕು. ಸಾಲವಿದ್ದರೆ ಮೊದಲು ಬ್ಯಾಂಕಿನ ಎನ್‌ಒಸಿ ತನ್ನಿ. ವಿಮಾ ಕಂಪನಿ ಟೋಟಲ್ ಲಾಸ್ ಎಂದಿದ್ದರೆ, ಅವಶೇಷ ಯಾರದ್ದು ಎಂಬುದು ಬರಹದಲ್ಲಿ ಕೈಗೆ ಬರುವವರೆಗೆ ಒಂದು ನಟ್ಟನ್ನೂ ಬಿಚ್ಚಬೇಡಿ. ಚಾಸಿಸ್ ನಂಬರ್ ಇರುವ ತಗಡನ್ನು ಬಿಡಿಯಾಗಿ ಯಾರಿಗೂ ಕೊಡಬೇಡಿ. ಕದ್ದ ಕಾರಿಗೆ ಬೆಸುಗೆ ಹಾಕಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ.