ಒಂದೇ ಕಂಪ್ಯೂಟರಿಗೆ ಎರಡು ಎಕ್ಸ್‌ಪಾನ್ಶನ್ ಚಾಸಿಸ್ ಜೋಡಿಸಬಹುದೇ?

ಜೋಡಿಸಬಹುದು. ಎಕ್ಸ್‌ಪಾನ್ಶನ್ ಚಾಸಿಸ್ ಎಂದರೆ ಹೆಚ್ಚುವರಿ ಕಾರ್ಡುಗಳಿಗೆ ಸ್ಲಾಟ್ ಇರುವ, ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸುವ ಹೊರಗಿನ ಪೆಟ್ಟಿಗೆ. ಮದರ್‌ಬೋರ್ಡಿನಲ್ಲಿ ಎರಡೇ ಸ್ಲಾಟ್ ಖಾಲಿ ಇವೆ, ಎಂಟು ವೀಡಿಯೊ ಕ್ಯಾಪ್ಚರ್ ಕಾರ್ಡ್ ಹಾಕಬೇಕು, ಎರಡು ಚಾಸಿಸ್ ತರಿಸಿದರೆ ಆದೀತೇ ಎಂದು ಕೇಳಿದ್ದೀರಿ. ತರಿಸುವ ಮುನ್ನ ನಿಮ್ಮ ಬಯಾಸ್ (ಕಂಪ್ಯೂಟರ್ ಆನ್ ಆದೊಡನೆ ಓಡಿ ಕಾರ್ಡುಗಳನ್ನು ಗುರುತಿಸುವ ತಂತ್ರಾಂಶ) ಅಷ್ಟನ್ನೂ ಹೊರುತ್ತದೆಯೇ ಎಂದು ನೋಡಿಕೊಳ್ಳಿ. ನಾನು ನೋಡಿರಲಿಲ್ಲ.

ನನ್ನವು ಗ್ರಾಫಿಕ್ಸ್ ಕಾರ್ಡುಗಳು. ಮೊದಲ ಚಾಸಿಸ್ ತಕರಾರಿಲ್ಲದೆ ನಡೆಯುತ್ತಿತ್ತು. ಎರಡನೆಯದನ್ನು ಸಿಕ್ಕಿಸಿದ ದಿನ ಫ್ಯಾನುಗಳೆಲ್ಲ ತಿರುಗಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಕೇಬಲ್ ಬದಲಿಸಿದೆ, ಕಾರ್ಡುಗಳನ್ನು ಒಂದೊಂದಾಗಿ ಕಿತ್ತೆ. ಮೂರು ಕಿತ್ತ ಮೇಲೆ ಕಂಪ್ಯೂಟರ್ ಎದ್ದಿತು. ಆ ಮೂರನ್ನು ಹಾಕಿ ಬೇರೆ ಮೂರನ್ನು ತೆಗೆದರೂ ಎದ್ದಿತು! ಕೆಟ್ಟ ಕಾರ್ಡ್ ಯಾವುದೂ ಇಲ್ಲ, ಜಾಗ ಸಾಲುತ್ತಿಲ್ಲ ಎಂದು ಆಗ ಹೊಳೆಯಿತು. ಗ್ರಾಫಿಕ್ಸ್ ಕಾರ್ಡ್ ಒಂದೊಂದೂ ಸಾಮಾನ್ಯವಾಗಿ 256 ಎಂಬಿಯಷ್ಟು ಮೆಮೊರಿ ವಿಳಾಸ ಕೇಳುತ್ತದೆ. ನನ್ನ ಬಯಾಸ್ ಅದನ್ನೆಲ್ಲ 4 ಜಿಬಿ ಗೆರೆಯ ಕೆಳಗೇ ತುರುಕಲು ಹೆಣಗುತ್ತಿತ್ತು. ಬಯಾಸ್‌ನಲ್ಲಿ 'ಅಬೌವ್ 4ಜಿ ಡಿಕೋಡಿಂಗ್' (ಆ ಗೆರೆಯ ಮೇಲಿನ ವಿಳಾಸಗಳನ್ನೂ ಬಳಸಲು ಬಿಡುವ ಆಯ್ಕೆ) ಎಂಬುದನ್ನು ಆನ್ ಮಾಡಿದೆ, ಎಲ್ಲ ಕಾರ್ಡುಗಳೂ ಕಾಣಿಸಿದವು. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ 'ಕೋಡ್ 12' ಎಂದು ತೋರಿಸಿದರೂ ಇದೇ ಮಾತು: ಸಂಪನ್ಮೂಲ ಸಾಲುತ್ತಿಲ್ಲ.

ಕ್ಯಾಪ್ಚರ್ ಕಾರ್ಡುಗಳು ಇಷ್ಟು ಜಾಗ ಕೇಳುವುದಿಲ್ಲ. ಆದರೆ ಚಾಸಿಸ್ ಒಳಗೆ ಒಂದೇ ಕೇಬಲನ್ನು ಹಲವು ಸ್ಲಾಟುಗಳಿಗೆ ಹಂಚುವ ಸ್ವಿಚ್ ಚಿಪ್‌ನ ಪ್ರತಿ ಪೋರ್ಟೂ ಒಂದು ಬಸ್ ಸಂಖ್ಯೆ (ಕಂಪ್ಯೂಟರ್ ಪ್ರತಿ ಸಂಪರ್ಕದ ದಾರಿಗೂ ಕೊಡುವ ಸಂಖ್ಯೆ) ತಿನ್ನುತ್ತದೆ. ಸಾಮಾನ್ಯ ಕಂಪ್ಯೂಟರಿನಲ್ಲಿ ಅಂಥವು ಒಟ್ಟು 256. ಎಂಟು ಸ್ಲಾಟಿನ ಪೆಟ್ಟಿಗೆಯೊಂದು ಹತ್ತನ್ನು ನುಂಗಬಹುದು. ಲೆಕ್ಕಕ್ಕೆ ಇದು ಧಾರಾಳವೇ, ಆದರೂ ಕೆಲವು ಬಯಾಸ್‌ಗಳು ಒಂದು ಸ್ಲಾಟಿಗೆ ಇಷ್ಟೇ ಎಂದು ಮೊದಲೇ ಮಿತಿ ಹಾಕಿಟ್ಟಿರುತ್ತವೆ.

ನಿಮಗೆ ಹೆಚ್ಚು ಮುಖ್ಯವಾದದ್ದು ವೇಗ. ಚಾಸಿಸ್‌ನಲ್ಲಿ ಎಷ್ಟೇ ಸ್ಲಾಟ್ ಇರಲಿ, ಎಲ್ಲ ಕಾರ್ಡುಗಳೂ ಕಂಪ್ಯೂಟರಿಗೆ ಹೋಗುವ ಒಂದೇ ಕೇಬಲನ್ನು ಹಂಚಿಕೊಳ್ಳಬೇಕು. ಪಿಸಿಐ ಎಕ್ಸ್‌ಪ್ರೆಸ್ 3.0ರ (ಕಾರ್ಡುಗಳನ್ನು ಕಂಪ್ಯೂಟರಿಗೆ ಬೆಸೆಯುವ ಸಂಪರ್ಕ) ನಾಲ್ಕು ಲೇನ್ (ದತ್ತಾಂಶ ಹರಿಯುವ ದಾರಿ) ಎಂದರೆ ಸೆಕೆಂಡಿಗೆ ಹೆಚ್ಚೂಕಡಿಮೆ 4 ಜಿಬಿ. ಸಂಕುಚನ ಮಾಡದ 1080ಪಿ, 60 ಫ್ರೇಮಿನ ವೀಡಿಯೊಗೆ ಸುಮಾರು 250 ಎಂಬಿ ಬೇಕು; ಎಂಟಕ್ಕೂ 2 ಜಿಬಿ, ಆರಾಮಾಗಿ ಹಿಡಿಸುತ್ತದೆ. ಅದೇ 4ಕೆ ಆದರೆ ಒಂದಕ್ಕೇ 1 ಜಿಬಿ. ನಾಲ್ಕು ಹಾಕುವಷ್ಟರಲ್ಲಿ ಕೇಬಲ್ ತುಂಬಿ ಫ್ರೇಮುಗಳು ಬಿದ್ದುಹೋಗತೊಡಗುತ್ತವೆ. ಆದ್ದರಿಂದ ಒಂದು ಚಾಸಿಸ್‌ನ ಬಾಲಕ್ಕೆ ಇನ್ನೊಂದನ್ನು ಕಟ್ಟಬೇಡಿ, ಎರಡಕ್ಕೂ ಬೇರೆ ಬೇರೆ ಸ್ಲಾಟ್ ಕೊಡಿ. ಅವುಗಳಲ್ಲಿ ಒಂದಾದರೂ ನೇರವಾಗಿ ಪ್ರೊಸೆಸರಿಗೆ ಹೋಗುತ್ತಿರಲಿ. ಎರಡೂ ಚಿಪ್‌ಸೆಟ್ (ಹಲವು ಸ್ಲಾಟುಗಳನ್ನು ಪ್ರೊಸೆಸರಿಗೆ ಸೇರಿಸುವ ಮದರ್‌ಬೋರ್ಡಿನ ಚಿಪ್) ಮೂಲಕವೇ ಹೋಗುತ್ತಿದ್ದರೆ ಅಲ್ಲಿ ಮತ್ತೆ ಒಂದೇ ದಾರಿ. ಮದರ್‌ಬೋರ್ಡಿನ ಕೈಪಿಡಿಯಲ್ಲಿ ಇದರ ಚಿತ್ರವಿರುತ್ತದೆ.

ಚಾಸಿಸ್‌ಗಳನ್ನು ಮೊದಲು ಆನ್ ಮಾಡಿ, ಆಮೇಲೆ ಕಂಪ್ಯೂಟರ್. ಬಯಾಸ್ ಎಣಿಕೆ ಮಾಡುವ ಹೊತ್ತಿಗೆ ಕಾರ್ಡುಗಳು ಎಚ್ಚರವಾಗಿರದಿದ್ದರೆ ಅವು ಲೆಕ್ಕಕ್ಕೆ ಬರುವುದೇ ಇಲ್ಲ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ನಾಲ್ಕು ಇನ್‌ಪುಟ್ ಇರುವ ಕ್ಯಾಪ್ಚರ್ ಕಾರ್ಡುಗಳು ಸಿಗುತ್ತವೆ. ನಿಮ್ಮದು 1080ಪಿ ಕೆಲಸವಾದರೆ, ಖಾಲಿ ಇರುವ ಎರಡು ಸ್ಲಾಟಿಗೆ ಅಂಥ ಎರಡನ್ನು ಹಾಕಿದರೆ ಚಾಸಿಸ್ ಬೇಕಾಗುವುದೇ ಇಲ್ಲ.