ಹನಿ ಲೆಕ್ಕದ ಪರಿಮಳ

ಪ್ರಶ್ನೆ: ನಿದ್ರೆ ಸರಿಯಾಗಿ ಬಾರದ ಕಾರಣ ಲ್ಯಾವೆಂಡರ್ ಎಣ್ಣೆಯನ್ನು ತಂದು, ಮಲಗುವ ಮುನ್ನ ಕುತ್ತಿಗೆಗೆ ನೇರವಾಗಿ ಹಚ್ಚಿಕೊಳ್ಳುತ್ತಿದ್ದೆ. ಮೂರನೆಯ ದಿನ ಚರ್ಮ ಕೆಂಪಾಗಿ ತುರಿಕೆ ಆರಂಭವಾಯಿತು. ಗಿಡದಿಂದಲೇ ತೆಗೆದ ಎಣ್ಣೆ ಹೀಗೇಕೆ ಮಾಡುತ್ತದೆ?
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ನಿಮ್ಮನ್ನು ದಾರಿ ತಪ್ಪಿಸಿದ್ದು ‘ಎಣ್ಣೆ’ ಎಂಬ ಮಾತೇ ಇರಬೇಕು. ಕೊಬ್ಬರಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಅಂಗೈ ತುಂಬ ಸುರಿದುಕೊಂಡು ತಿಕ್ಕುವ ಅಭ್ಯಾಸ ನಮ್ಮದು. ಲ್ಯಾವೆಂಡರ್ ಎಣ್ಣೆಯಲ್ಲಿ ಅಂಥ ಜಿಡ್ಡೇ ಇಲ್ಲ. ಹೂವಿನ ತೆನೆಗಳ ನಡುವೆ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದಾಗ ನೀರಿನ ಮೇಲೆ ತೇಲುವ, ಗಾಳಿಗೆ ಆರಿಹೋಗುವ ಗಾಢವಾದ ಸಾರ ಅದು. ಬಾದಾಮಿ ಎಣ್ಣೆಯಂಥ ಜಿಡ್ಡಿನ ಎಣ್ಣೆ 30 ಮಿ.ಲೀ. ತೆಗೆದುಕೊಂಡು ಅದಕ್ಕೆ 6 ಹನಿ ಬೆರೆಸಿದರೆ ಸುಮಾರು ಶೇ 1ರ ಮಿಶ್ರಣವಾಗುತ್ತದೆ; ಮೊದಲ ಬಾರಿಗೆ ಹಚ್ಚುವವರಿಗೆ ಅಷ್ಟು ಸಾಕು, ಅದನ್ನೂ ಮೊದಲು ಮುಂಗೈಯ ಒಳಭಾಗಕ್ಕೆ ಹಚ್ಚಿ 48 ಗಂಟೆ ಕಾಯಬೇಕು. ಸೀಸೆ ಹಳೆಯದಾಗಿದ್ದರೆ ಇನ್ನೊಂದು ತೊಡಕಿದೆ: ಲ್ಯಾವೆಂಡರಿನಲ್ಲಿರುವ ಲಿನಲೂಲ್ ಎಂಬ ಪರಿಮಳದ ಅಂಶ ಗಾಳಿ ತಾಗಿ ಉತ್ಕರ್ಷಣಗೊಂಡಾಗ ಅಲರ್ಜಿ ಉಂಟುಮಾಡುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ಗಾಢ ಬಣ್ಣದ ಸೀಸೆಯನ್ನು ಬಿಗಿಯಾಗಿ ಮುಚ್ಚಿ ತಂಪಾದ ಕಡೆ ಇಡಬೇಕು.

ಇಂಥ ಎಣ್ಣೆಗಳ ಬಳಕೆಗೆ ‘ಅರೋಮಾಥೆರಪಿ’ (ಪರಿಮಳ ಚಿಕಿತ್ಸೆ) ಎಂಬ ಹೆಸರನ್ನು ತಂದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಾಟ್‌ಫೊಸೆ. ಅವನ ಪುಸ್ತಕ 1937ರಲ್ಲಿ ಹೊರಬಂತು. ಹೆಸರಿನಲ್ಲಿ ಚಿಕಿತ್ಸೆಯೆಂದಿದ್ದರೂ ದೀರ್ಘಕಾಲದ ನಿದ್ರಾಹೀನತೆಗೆ ವೈದ್ಯರನ್ನು ಕಾಣುವುದೇ ಸರಿ. ಹಿತವೆನಿಸಿದರೆ ಹತ್ತಿಗೆ ಒಂದು ಹನಿ ಹಾಕಿ ಹಾಸಿಗೆಯಿಂದ ತುಸು ದೂರ ಇಡಿ. ಕುತ್ತಿಗೆಗೆ ಸದ್ಯ ಏನನ್ನೂ ಹಚ್ಚಬೇಡಿ. ತುರಿಕೆ ಇಳಿಯದಿದ್ದರೆ ಚರ್ಮವೈದ್ಯರಿಗೆ ತೋರಿಸಿ.

ಪ್ರಶ್ನೆ: ಬೆಳಿಗ್ಗೆ ಹಾಕಿಕೊಂಡ ಸೆಂಟು ಕಚೇರಿ ತಲುಪುವಷ್ಟರಲ್ಲಿ ಮಾಯವಾಗುತ್ತದೆ. ಮತ್ತೆ ಹಾಕಿಕೊಂಡರೆ ಪಕ್ಕದ ಮೇಜಿನವರು ತಲೆನೋವೆನ್ನುತ್ತಾರೆ.
— ಓದುಗರೊಬ್ಬರು, ವಿಜಯನಗರ

ಉತ್ತರ: ಮಾಯವಾಗಿರುವುದು ಬಹುಶಃ ನಿಮ್ಮ ಮೂಗಿಗೆ ಮಾತ್ರ. ಒಂದೇ ವಾಸನೆಯ ನಡುವೆ ಇದ್ದರೆ ಮೂಗು ಸ್ವಲ್ಪ ಹೊತ್ತಿನಲ್ಲೇ ಅದನ್ನು ಗಮನಿಸುವುದನ್ನು ಬಿಡುತ್ತದೆ, ಎದುರಿನವರ ಮೂಗು ಬಿಡುವುದಿಲ್ಲ. ಸ್ನಾನದ ನಂತರ ಪರಿಮಳವಿಲ್ಲದ ಕ್ರೀಮನ್ನು ತೆಳುವಾಗಿ ಸವರಿ, ಎದೆಗೋ ಮೊಣಕೈಯ ಒಳಮಡಿಕೆಗೋ ಒಂದೆರಡು ಸಲ ಮಾತ್ರ ಸಿಂಪಡಿಸಿಕೊಳ್ಳಿ. ಒಣಚರ್ಮದ ಮೇಲೆ ಪರಿಮಳ ಬೇಗ ಆರುತ್ತದೆ. ಕಿತ್ತಳೆ, ನಿಂಬೆಯ ಘಮ ಮೊದಲ ಅರ್ಧ ಗಂಟೆಯಲ್ಲೇ ಹೋಗುತ್ತದೆ, ಶ್ರೀಗಂಧ, ಲಾವಂಚಗಳದು ಸಂಜೆಯವರೆಗೂ ನಿಲ್ಲಬಹುದು. ಹಾಗಾಗಿ ಅಂಗಡಿಯಲ್ಲಿ ಕೈಗೆ ಹಾಕಿಸಿಕೊಂಡ ಕೂಡಲೇ ಕೊಳ್ಳದೆ, ಒಂದು ಸುತ್ತು ತಿರುಗಾಡಿ ಬಂದು ಮತ್ತೆ ಮೂಸಿ ನೋಡಿ. ಕಿಟಕಿ ತೆರೆಯದ ಮೆಟ್ರೊ ಬೋಗಿಯಲ್ಲಿ ಧಾರಾಳವಾಗಿ ಸೆಂಟು ಸುರಿದುಕೊಂಡವರ ಪಕ್ಕ ನಿಂತು ಮೆಜೆಸ್ಟಿಕ್ ದಾಟಿದ ನನಗೆ, ನಿಮ್ಮ ಸಹೋದ್ಯೋಗಿಗಳ ಮೇಲೆಯೇ ಕನಿಕರ ಹೆಚ್ಚು.

ಪ್ರಶ್ನೆ: ಸೀಸೆಯ ಮಲ್ಲಿಗೆ ಮಾರುಕಟ್ಟೆಯ ಮಲ್ಲಿಗೆಯಂತೆ ಏಕಿಲ್ಲ?
— ಓದುಗರೊಬ್ಬರು, ಚಾಮರಾಜಪೇಟೆ

ಉತ್ತರ: ಮಲ್ಲಿಗೆಯ ನವಿರಾದ ಪರಿಮಳ ಹಬೆಯ ಬಿಸಿಗೆ ಕೆಡುವುದರಿಂದ ಅದನ್ನು ಸಾಮಾನ್ಯವಾಗಿ ದ್ರಾವಕದಲ್ಲಿ ನೆನೆಸಿ ತೆಗೆಯುತ್ತಾರೆ, ಅಲ್ಲಿಗೆ ಹೂವು ಪರಿಮಳ ಬಿಡುವುದು ಮುಗಿಯಿತು. ಕೆ.ಆರ್. ಮಾರುಕಟ್ಟೆಯಲ್ಲಿ ಮೊಳ ಹಾಕಿ ಕೊಡುವ ಮೊಗ್ಗಾದರೋ ಕಿತ್ತ ಮೇಲೂ ಜೀವಂತವಾಗಿದ್ದು, ಸಂಜೆ ನಿಮ್ಮ ಮುಡಿಯಲ್ಲೇ ಅರಳುತ್ತ ಹೊಸ ಪರಿಮಳವನ್ನು ಬಿಡುತ್ತಲೇ ಇರುತ್ತದೆ.